ಕಬ್ಬನ್ ಎಂಬ ಅಡ್ಡಹೆಸರು ಎಲ್ಲಿಯದು?

ಪ್ರಶ್ನೆ: ನಾನು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಹುಟ್ಟಿ ಬೆಳೆದವನು, ಈಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸ. ಇಲ್ಲಿಗೆ ಬಂದಮೇಲೆ ಕಬ್ಬನ್ ಎಂಬ ಅಡ್ಡಹೆಸರಿನ ಒಬ್ಬರೂ ನನಗೆ ಸಿಕ್ಕಿಲ್ಲ. ಇಂಗ್ಲಿಷ್ ಸಹೋದ್ಯೋಗಿಗಳೂ ಅಂಥ ಹೆಸರು ಕೇಳಿಲ್ಲ ಎನ್ನುತ್ತಾರೆ. 'ಕಬ್ಬಿನ್' ಎಂದು ಬರೆದುಕೊಳ್ಳುವ ಒಬ್ಬರು ನಮ್ಮ ಆಫೀಸಿನಲ್ಲಿದ್ದಾರೆ, ಅವರ ಅಜ್ಜ ಲಿವರ್‌ಪೂಲ್‌ನವರಂತೆ. ಈ ಅಪರೂಪದ ಇಂಗ್ಲಿಷ್ ಹೆಸರಿನ ಮೂಲ ಯಾವುದು? ಈ ಹೆಸರಿನವರು ಎಲ್ಲಿದ್ದಾರೆ? ಇಂಟರ್‌ನೆಟ್‌ನಲ್ಲಿ ಒಂದು ಕಡೆ ಲ್ಯಾಂಕಷೈರ್ ಎಂದಿದೆ, ಇನ್ನೊಂದು ಕಡೆ ಸ್ಯಾಕ್ಸನ್ ಎಂದಿದೆ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಹಿರಿಯರು ಕಬ್ಬಿಣದಿಂದ ಬಂದ ಹೆಸರು ಎನ್ನುತ್ತಿದ್ದರು. ಕಬ್ಬಿನ್‌ಗೂ ಕಬ್ಬನ್‌ಗೂ ಸಂಬಂಧ ಉಂಟೆ?

ಉತ್ತರ: ನಿಮ್ಮ ಸಹೋದ್ಯೋಗಿಗಳು ಕೇಳಿಲ್ಲದಿರುವುದು ಸಹಜ. ಕಬ್ಬನ್ ಇಂಗ್ಲೆಂಡಿನ ಹೆಸರೇ ಅಲ್ಲ. ಅದು ಐಲ್ ಆಫ್ ಮ್ಯಾನ್ ಎಂಬ ದ್ವೀಪದ್ದು. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ, ಎರಡಕ್ಕೂ ಸೇರದೆ, ಸುಮಾರು 572 ಚದರ ಕಿಲೋಮೀಟರ್ ವಿಸ್ತೀರ್ಣದ ದ್ವೀಪ ಅದು. ಜನಸಂಖ್ಯೆ 2021ರ ಗಣತಿಯಲ್ಲಿ 84,000 ಚಿಲ್ಲರೆ. ಬ್ರಿಟಿಷ್ ದೊರೆಗೆ ಸೇರಿದ್ದು ಹೌದು, ಆದರೆ ಯುನೈಟೆಡ್ ಕಿಂಗ್‌ಡಂನ ಭಾಗವಲ್ಲ. ಟಿನ್‌ವಾಲ್ಡ್ ಎಂಬ ತನ್ನದೇ ಶಾಸನಸಭೆ ಇದೆ, ತನ್ನದೇ ಕಾನೂನುಗಳಿವೆ. ಮ್ಯಾಂಕ್ಸ್ ಎಂಬ ತನ್ನದೇ ನುಡಿಯೂ ಇದೆ. ಐರ್ಲೆಂಡಿನ ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾನ್‌ನ ಮ್ಯಾಂಕ್ಸ್ ಮೂರೂ ಒಂದೇ ತಾಯಿನುಡಿಯ ಮಕ್ಕಳು. ಕಬ್ಬನ್ ಹುಟ್ಟಿದ್ದು ಈ ಮ್ಯಾಂಕ್ಸ್ ಬಾಯಲ್ಲಿ.

ಕಬ್ಬಿಣದ ವಿಚಾರವನ್ನು ಇಲ್ಲಿಗೇ ಬಿಡೋಣ. ಕಬ್ಬಿಣಕ್ಕಾಗಲಿ ಕಬ್ಬಿಗಾಗಲಿ ಈ ಹೆಸರಿನ ಜೊತೆ ಯಾವ ನಂಟೂ ಇಲ್ಲ. ಕಿವಿಗೆ ಒಂದೇ ಥರ ಕೇಳಿಸಿದ್ದು ಆಕಸ್ಮಿಕ.

ಹಾಗಾದರೆ ಮೂಲ ಯಾವುದು? 'ಮ್ಯಾಕ್ ಗಿಬ್ಬನ್', ಅಂದರೆ ಗಿಬ್ಬನ್‌ನ ಮಗ. ಮ್ಯಾಂಕ್ಸ್ ಅಡ್ಡಹೆಸರುಗಳ ಬಗ್ಗೆ ಮೊದಲು ವಿವರವಾಗಿ ಕೆಲಸ ಮಾಡಿದವರು ಎ. ಡಬ್ಲ್ಯೂ. ಮೂರ್. ಅವರ ಪುಸ್ತಕ 1890ರಲ್ಲಿ ಬಂತು. 1937ರಲ್ಲಿ ಜೆ. ಜೆ. ನೀನ್ ಅದೇ ಕೆಲಸವನ್ನು ಇನ್ನಷ್ಟು ವಿಸ್ತರಿಸಿದರು. ಕಬ್ಬನ್ ಬಗ್ಗೆ ಮೂರ್ ಕೊಟ್ಟ ವಿವರಣೆ ಇಂದಿಗೂ ನಿಂತಿದೆ, ನಿಲ್ಲುವುದಕ್ಕೆ ಬಲವಾದ ಕಾರಣವೂ ಇದೆ. ಮ್ಯಾನ್‌ನ ಅಡ್ಡಹೆಸರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಆ ಕಾರಣ ಕಾಣುತ್ತದೆ.

ಗೇಲಿಕ್ ನುಡಿಗಳಲ್ಲಿ 'ಮ್ಯಾಕ್' ಎಂದರೆ ಮಗ. ಸ್ಕಾಟ್ಲೆಂಡಿನಲ್ಲಿ ಅದು ಹೆಸರಿನ ಮುಂದೆ ಗಟ್ಟಿಯಾಗಿ ಉಳಿದುಕೊಂಡಿತು, ಹಾಗಾಗಿ ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಕೆಂಜಿ ನಮಗೂ ಗೊತ್ತು. ಮ್ಯಾನ್ ದ್ವೀಪದಲ್ಲಿ ಮಾತಿನ ಓಟಕ್ಕೆ ಮ್ಯಾಕ್‌ನ ಮುಂಭಾಗ ಸವೆದು ಬಿದ್ದುಹೋಯಿತು, ಕೊನೆಯ 'ಕ್' ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಐಸಾಕ್‌ನ ಮಗ 'ಕಿಸ್ಸಾಕ್' ಆದ. ವಿಲಿಯಂನ ಮಗ 'ಕ್ವಿಲಿಯಂ', ಪಾಲ್‌ನ ಮಗ 'ಕ್ವೇಲ್', ಡರ್ಮಟ್‌ನ ಮಗ 'ಕರ್ಮೋಡ್'. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮ್ಯಾನ್‌ನ ಅಡ್ಡಹೆಸರುಗಳಲ್ಲಿ ಬಹುಪಾಲು ಸಿ, ಕೆ, ಕ್ಯೂ ಎಂಬ ಮೂರೇ ಅಕ್ಷರಗಳಲ್ಲಿ ಶುರುವಾಗುವುದು ಇದರಿಂದಲೇ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಅವರ ಪೂರ್ವಜರೂ ಇದೇ ದ್ವೀಪದವರು.

ಗಿಬ್ಬನ್ ವಿಷಯದಲ್ಲಿ ಇನ್ನೊಂದು ಹೆಜ್ಜೆ ಇದೆ. 'ಮ್ಯಾಕ್' ಮುಗಿಯುವುದು ಕಕಾರದಲ್ಲಿ, 'ಗಿಬ್ಬನ್' ಶುರುವಾಗುವುದು ಗಕಾರದಲ್ಲಿ. ಎರಡೂ ನಾಲಿಗೆಯ ಒಂದೇ ಜಾಗದಿಂದ ಹೊರಡುವ ಧ್ವನಿಗಳು, ಒಂದರ ಬೆನ್ನಿಗೆ ಇನ್ನೊಂದು ಬಂದಾಗ ಬೆರೆತುಹೋಗುತ್ತವೆ. ಕನ್ನಡದಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕಕಾರ ಹೋಗಿ ಗಕಾರ ಬರುತ್ತದಲ್ಲ, ಇಲ್ಲಿ ಅದರ ತಿರುಗುಮುರುಗು. ಗಕಾರವನ್ನು ಕಕಾರ ನುಂಗಿತು. 'ಮ್ಯಾಕ್ ಗಿಬ್ಬನ್' ಬಾಯಲ್ಲಿ 'ಮ್ಯಾಕಿಬ್ಬನ್' ಆಗಿ, ಇಕಾರವು ಮುಂದಿನ ತುಟಿಯ ಧ್ವನಿಯಾದ ಬಕಾರದ ಕಡೆಗೆ ವಾಲಿ 'ಮ್ಯಾಕಬ್ಬನ್' ಆಗಿ, ಕೊನೆಗೆ ತಲೆ ಕಳಚಿ 'ಕಬ್ಬನ್' ಉಳಿಯಿತು. ನಡುವಿನ ಹಂತದ ಹೆಸರು ಪಕ್ಕದ ಸ್ಕಾಟ್ಲೆಂಡಿನಲ್ಲಿ ಇಂದಿಗೂ ಜೀವಂತವಾಗಿದೆ. ಅದೇ 'ಮ್ಯಾಕ್‌ಕಬ್ಬಿನ್'. ಮ್ಯಾನ್‌ನ ಉತ್ತರ ತುದಿಯಿಂದ 30 ಕಿಲೋಮೀಟರ್ ಒಳಗೇ ಇರುವ ಗ್ಯಾಲೊವೇ ಸೀಮೆ ಮತ್ತು ಅದಕ್ಕೆ ಹೊಂದಿಕೊಂಡ ಏರ್‌ಷೈರ್‌ನ ದಕ್ಷಿಣ ಭಾಗ ಆ ಹೆಸರಿನ ತವರು. ಆಸ್ಟ್ರೇಲಿಯಾದ ಪ್ರಸಿದ್ಧ ಚಿತ್ರಕಲಾವಿದ ಫ್ರೆಡರಿಕ್ ಮ್ಯಾಕ್‌ಕಬ್ಬಿನ್ (1855–1917) ಅವರ ಹೆಸರಿನಲ್ಲಿ ಇರುವುದು ಅದೇ. ಅವರು ಮ್ಯಾಕ್ ಉಳಿಸಿಕೊಂಡರು, ಮ್ಯಾನ್‌ನವರು ಬಿಟ್ಟರು. ಎರಡು ಹೆಸರುಗಳ ನಡುವಿನ ವ್ಯತ್ಯಾಸ ಅಷ್ಟೇ.

ಇದೆಲ್ಲ ಯಾವಾಗ ನಡೆಯಿತು ಎಂಬುದಕ್ಕೆ ದಾಖಲೆಯ ಬಲವಿದೆ. 15ನೇ ಶತಮಾನದ ಆರಂಭದಿಂದ ಮ್ಯಾನ್ ದ್ವೀಪ ಇಂಗ್ಲೆಂಡಿನ ಸ್ಟ್ಯಾನ್ಲಿ ಮನೆತನದ ಕೈಯಲ್ಲಿತ್ತು. ಈ ಒಡೆಯರು ದ್ವೀಪದ ಜಮೀನುಗಳನ್ನು ಯಾರು ಉಳುತ್ತಾರೆ, ಎಷ್ಟು ಗುತ್ತಿಗೆ ಕಟ್ಟಬೇಕು ಎಂದು ಪ್ಯಾರಿಷ್‌ವಾರು (ಒಂದು ಚರ್ಚಿಗೆ ಸೇರಿದ ಸೀಮೆ ಒಂದು ಪ್ಯಾರಿಷ್) ಪಟ್ಟಿ ಬರೆಸಿಟ್ಟರು. ಉಳಿದಿರುವ ಹಳೆಯ ಪಟ್ಟಿಗಳು 1511ರಿಂದ 1515ರವರೆಗಿನವು. ಅವುಗಳಲ್ಲಿ ಬಹಳಷ್ಟು ಹೆಸರುಗಳು ಮ್ಯಾಕ್ ಹೊತ್ತುಕೊಂಡೇ ಸಾಲುಸಾಲಾಗಿ ನಿಂತಿವೆ. 17ನೇ ಶತಮಾನದ ದಾಖಲೆಗಳಿಗೆ ಬರುವ ಹೊತ್ತಿಗೆ ಮ್ಯಾಕ್ ಹೆಚ್ಚುಕಡಿಮೆ ಕಾಣೆಯಾಗಿದೆ. ಮಾತಿನಲ್ಲಿ ಮೊದಲೇ ಸವೆದಿದ್ದನ್ನು ಬರಹ ತಡವಾಗಿ ಒಪ್ಪಿಕೊಂಡಿತು ಎಂದು ಇದನ್ನು ಓದಬೇಕು. ಗುಮಾಸ್ತರು ಹಳೆಯ ಪಟ್ಟಿ ನೋಡಿಕೊಂಡು ಹೊಸ ಪಟ್ಟಿ ಬರೆಯುವವರು, ಬಾಯಿಮಾತಿಗಿಂತ ಅವರ ಕೈ ಯಾವಾಗಲೂ ಹಿಂದೆ.

ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು. ಆ ಗುಮಾಸ್ತರು ಬರೆಯುತ್ತಿದ್ದುದು ಲ್ಯಾಟಿನ್ ಅಥವಾ ಇಂಗ್ಲಿಷ್. ಮ್ಯಾಂಕ್ಸ್‌ಗೆ ಬಹುಕಾಲ ಬರವಣಿಗೆಯ ರೂಢಿಯೇ ಇರಲಿಲ್ಲ. ಮ್ಯಾಂಕ್ಸ್‌ನಲ್ಲಿ ಮೊದಲ ಪುಸ್ತಕ ಅಚ್ಚಾಗಿದ್ದು 1707ರಲ್ಲಿ. ಹಾಗಾಗಿ ರೈತನೊಬ್ಬ ತನ್ನ ಹೆಸರು ಹೇಳಿದರೆ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದ. ಒಂದೇ ಮನೆಯವರು ಒಂದು ಪುಟದಲ್ಲಿ ಕಬ್ಬನ್, ಮತ್ತೊಂದು ಪುಟದಲ್ಲಿ ಕಬ್ಬಿನ್, ಇನ್ನೊಂದರಲ್ಲಿ ಒಂದೇ 'ಬಿ' ಇರುವ ಕಬನ್. ಕಾಗುಣಿತದ ಮೇಲೆ ಮನೆತನ ಬೇರೆ ಮಾಡುವುದು 19ನೇ ಶತಮಾನಕ್ಕಿಂತ ಹಿಂದಿನ ದಾಖಲೆಗಳಲ್ಲಿ ಎಂದಿಗೂ ಸಲ್ಲದು.

ಈಗ ಗಿಬ್ಬನ್ ಯಾರು ಎಂದು ನೋಡೋಣ. ಗಿಬ್ಬನ್ ಎಂಬುದು ಗಿಲ್ಬರ್ಟ್‌ನ ಮುದ್ದಿನ ಹೆಸರು. ಗಿಲ್ಬರ್ಟ್ ಹಳೆಯ ಜರ್ಮಾನಿಕ್ ಹೆಸರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಫ್ರಾನ್ಸಿನಿಂದ ಅವರ ಜೊತೆ ಬಂತು. 12ನೇ ಶತಮಾನದಲ್ಲಿ ಸೆಂಪ್ರಿಂಗ್‌ಹ್ಯಾಮ್‌ನ ಸಂತ ಗಿಲ್ಬರ್ಟ್ ಖ್ಯಾತರಾದ ಮೇಲೆ ಇನ್ನಷ್ಟು ಹಬ್ಬಿತು. ಮನೆಯಲ್ಲಿ ಗಿಲ್ಬರ್ಟ್‌ನನ್ನು ಗಿಬ್ ಎಂದು ಕರೆದರು, ಅದಕ್ಕೆ ಇನ್ನೊಂದು ಪ್ರತ್ಯಯ ಸೇರಿಸಿ ಗಿಬ್ಬನ್ ಎಂದರು. ಹೀಗೆ ಇಂಗ್ಲೆಂಡಿನಲ್ಲಿ ಗಿಬ್ಸ್, ಗಿಬ್ಸನ್, ಗಿಬ್ಬನ್ಸ್ ಎಂಬ ಅಡ್ಡಹೆಸರುಗಳು ಹುಟ್ಟಿದವು. ಐರ್ಲೆಂಡಿನ ನಾರ್ಮನ್ ಮನೆತನಗಳಲ್ಲಿ ಅದೇ ಫಿಟ್ಜ್‌ಗಿಬ್ಬನ್ ಆಯಿತು. ಅದು ಸಮುದ್ರ ದಾಟಿ ಗೇಲಿಕ್ ಮಾತಾಡುವವರ ಬಾಯಿಗೆ ಬಿದ್ದಾಗ ಮ್ಯಾಕ್ ಗಿಬ್ಬನ್ ಆಯಿತು.

ಗೇಲಿಕ್ ನಾಡಿನಲ್ಲಿ ಗಿಲ್ಬರ್ಟ್ ಅಷ್ಟು ಸುಲಭವಾಗಿ ಒಗ್ಗಿಕೊಂಡಿದ್ದಕ್ಕೆ ವಿಶೇಷ ಕಾರಣವಿದೆ, ನನಗಂತೂ ಇದು ಇಡೀ ಕಥೆಯ ಅತ್ಯಂತ ಚೆಂದದ ಭಾಗ. ಗೇಲಿಕ್‌ನಲ್ಲಿ 'ಗಿಲ್ಲೆ' ಎಂದರೆ ಸೇವಕ. ಸಂತರ ಹೆಸರಿನ ಮುಂದೆ ಅದನ್ನಿಟ್ಟು 'ಆ ಸಂತನ ಸೇವಕ' ಎಂಬ ಹೆಸರನ್ನು ಮಕ್ಕಳಿಗೆ ಇಡುವುದು ಅವರ ಪದ್ಧತಿ. ಸಂತಳಾದ ಬ್ರಿಜಿಡ್‌ಳ ಸೇವಕ ಎಂಬರ್ಥದ 'ಗಿಲ್ಲೆ ಬ್ರಿಘ್ಡೆ' ಬಹಳ ಬಳಕೆಯಲ್ಲಿತ್ತು. ಲ್ಯಾಟಿನ್ ಬರೆಯುವ ಪಾದ್ರಿಗಳು ಗಿಲ್ಲೆ ಬ್ರಿಘ್ಡೆಯನ್ನು ಕಂಡಲ್ಲೆಲ್ಲ ತಮಗೆ ಗೊತ್ತಿದ್ದ ಗಿಲ್ಬರ್ಟ್ ಎಂದು ಬರೆದರು. 1223ರಲ್ಲಿ ತೀರಿಕೊಂಡ, ಸ್ಕಾಟ್ಲೆಂಡಿನ ಸ್ಟ್ರಾತರ್ನ್ ಸೀಮೆಯ ಅರ್ಲ್ (ಸಾಮಂತ) ಒಬ್ಬನನ್ನು ಇತಿಹಾಸ ಗಿಲ್ಬರ್ಟ್ ಎನ್ನುತ್ತದೆ, ಅವನ ಸ್ವಂತ ಜನರಿಗೆ ಅವನು ಗಿಲ್ಲೆ ಬ್ರಿಘ್ಡೆ. ಆದ್ದರಿಂದ ಗ್ಯಾಲೊವೇ ಸೀಮೆಯಲ್ಲೋ ಮ್ಯಾನ್‌ನಲ್ಲೋ ಒಬ್ಬ ಗಿಬ್ಬನ್ ಇದ್ದ ಎಂದಮಾತ್ರಕ್ಕೆ ಅವನು ನಾರ್ಮನ್ ರಕ್ತದವನು ಎನ್ನಲಾಗದು. ನಾರ್ಮನ್ ಹೆಸರನ್ನು ತೊಟ್ಟ ಅಪ್ಪಟ ಗೇಲಿಕ್ ರೈತನೇ ಆಗಿರಬಹುದು. ಹೆಸರು ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಜನ ಎಲ್ಲಿಂದ ಬಂದರು ಎಂಬುದು ಬೇರೆಯೇ ಪ್ರಶ್ನೆ. ಅಡ್ಡಹೆಸರುಗಳ ಬಗ್ಗೆ ಬರುವ ತಪ್ಪು ಮಾತುಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟಿದವು.

ಮ್ಯಾನ್‌ನಲ್ಲಿ ಈ ಬೆರಕೆ ಎಷ್ಟು ಹಳೆಯದು ಎಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. 1266ರವರೆಗೆ ಆ ದ್ವೀಪವನ್ನು ಆಳಿದವರು ನಾರ್ವೆ ಮೂಲದ ವೈಕಿಂಗ್ ದೊರೆಗಳು. ಕರ್ಕ್ ಮೈಕಲ್ ಎಂಬ ಹಳ್ಳಿಯ ಚರ್ಚಿನಲ್ಲಿ ರೂನಿಕ್ ಲಿಪಿಯ ಒಂದು ಶಿಲುಬೆ ಕಲ್ಲಿದೆ. ದುಫ್‌ಗಾಲ್‌ನ ಮಗಳೂ ಆಥಿಸ್ಲ್‌ನ ಹೆಂಡತಿಯೂ ಆಗಿದ್ದ ತನ್ನ ಸಾಕುತಾಯಿ ಮಾಲ್‌ಮುರೆಯ ನೆನಪಿಗೆ ಮಾಲ್ ಲುಮ್ಕುನ್ ಎಂಬವನು ನಿಲ್ಲಿಸಿದ ಕಲ್ಲು ಅದು. ಕೆತ್ತಿದ ನುಡಿ ವೈಕಿಂಗರ ನಾರ್ಸ್. ನೆಟ್ಟವನ ಹೆಸರು, ತಾಯಿಯ ಹೆಸರು, ಅವಳ ಅಪ್ಪನ ಹೆಸರು ಗೇಲಿಕ್. ಗಂಡನ ಹೆಸರು ಮತ್ತೆ ನಾರ್ಸ್. ಒಂದೇ ಮನೆಯೊಳಗೆ ಎರಡು ನುಡಿ! ಕೆಟ್ಟ ಮಗನನ್ನು ಬಿಟ್ಟುಹೋಗುವುದಕ್ಕಿಂತ ಒಳ್ಳೆಯ ಸಾಕುಮಗನನ್ನು ಬಿಟ್ಟುಹೋಗುವುದು ಮೇಲು ಎಂಬ ಮಾತೂ ಅದರ ಮೇಲಿದೆ. ಇಂಥ ಮನೆಗಳಿಂದಲೇ ಮ್ಯಾನ್‌ನ ಕಾರ್ಲೆಟ್, ಕಾಟಿಯರ್ ಎಂಬ ಹೆಸರುಗಳು ಬಂದವು. ಒಳಗಿನ ಹೆಸರು ಥೋರ್‌ಲ್ಯೋತ್, ಒಟ್ಟರ್ ಎಂಬ ವೈಕಿಂಗ್ ಹೆಸರು, ಅದಕ್ಕೆ ಅಂಟಿದ ಕಕಾರ ಮಾತ್ರ ಗೇಲಿಕ್ ಮ್ಯಾಕ್. ಕಬ್ಬನ್ ಅದೇ ಸಾಲಿನದು, ವೈಕಿಂಗ್ ಹೆಸರಿನ ಜಾಗದಲ್ಲಿ ಗಿಲ್ಬರ್ಟ್ ಇದ್ದಾನೆ.

ಸ್ಯಾಕ್ಸನ್, ಅಂದರೆ ನಾರ್ಮನ್ನರಿಗಿಂತ ಮೊದಲೇ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜನರದು ಎಂಬ ವಾದಕ್ಕೆ ಆಧಾರವಿಲ್ಲ. ಅಂಥ ಮಾತು ಬರೆಯುವ ತಾಣಗಳಲ್ಲಿ ಕೆಲವು ಪಕ್ಕದಲ್ಲೇ 'ನಿಮ್ಮ ಮನೆತನದ ಲಾಂಛನ' ಎಂದು ಗುರಾಣಿಯ ಚಿತ್ರ ಮಾರುತ್ತಿರುತ್ತವೆ, ಗಮನಿಸಿ. ದಯವಿಟ್ಟು ನಿಮ್ಮ ಸಹೋದ್ಯೋಗಿಗೆ ಅದನ್ನು ಉಡುಗೊರೆ ಕೊಡಬೇಡಿ. ಇಂಗ್ಲಿಷ್ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ವಂಶಕ್ಕೆ ಸಿಗುವಂಥದ್ದು, ಅಡ್ಡಹೆಸರಿಗೆ ಲಾಂಛನ ಇರುವುದಿಲ್ಲ.

ಲ್ಯಾಂಕಷೈರ್ ಎಂಬ ಮಾತು ಮಾತ್ರ ಬರಿ ಕಲ್ಪನೆಯಲ್ಲ. ಅದು ನಕ್ಷೆಯ ಮೋಸ. ಬ್ರಿಟನ್ನಿನ ಅಡ್ಡಹೆಸರುಗಳ ಹಂಚಿಕೆ ತೋರಿಸುವ ನಕ್ಷೆಗಳಲ್ಲಿ ಬಹಳಷ್ಟು ಯುಕೆ ಮತದಾರರ ಪಟ್ಟಿಯಿಂದ ತಯಾರಾದವು. ಮ್ಯಾನ್‌ನವರು ಯುಕೆ ಸಂಸತ್ತಿಗೆ ಮತ ಹಾಕುವವರಲ್ಲ, ಆ ಪಟ್ಟಿಯಲ್ಲಿ ಅವರು ಇರುವುದೇ ಇಲ್ಲ. ಹೆಸರಿನ ತವರನ್ನೇ ಕತ್ತರಿಸಿ ಹಾಕಿದ ನಕ್ಷೆಯಲ್ಲಿ ಹುಡುಕಿದರೆ ತವರಿನಾಚೆ ಜನ ಹೆಚ್ಚು ನೆಲೆಸಿದ ಜಾಗವೇ ತವರಿನಂತೆ ಕಾಣುತ್ತದೆ. ಕಬ್ಬನ್‌ಗೆ ಆ ಜಾಗ ಲಿವರ್‌ಪೂಲ್, ಅದು ಆಗ ಲ್ಯಾಂಕಷೈರ್‌ಗೆ ಸೇರಿತ್ತು. ಈ ಕೆಲಸಕ್ಕೆ ಒಳ್ಳೆಯ ಆಧಾರ 1881ರ ಜನಗಣತಿ. ಆ ವರ್ಷ ಏಪ್ರಿಲ್ 3ರ ರಾತ್ರಿ ಯಾರು ಯಾವ ಮನೆಯಲ್ಲಿದ್ದರು, ಎಲ್ಲಿ ಹುಟ್ಟಿದವರು ಎಂಬ ವಿವರವನ್ನು ಸ್ವಯಂಸೇವಕರು ಪೂರ್ತಿ ನಕಲು ಮಾಡಿ ಹುಡುಕಲು ಬರುವಂತೆ ಮಾಡಿದ್ದಾರೆ. ಅದರಲ್ಲಿ ಮ್ಯಾನ್ ದ್ವೀಪವೂ ಸೇರಿದೆ. ಅಲ್ಲಿ ಕಬ್ಬನ್‌ರ ದಟ್ಟಣೆ ಮ್ಯಾನ್‌ನಲ್ಲಿ, ಆಮೇಲೆ ಸಮುದ್ರದಾಚೆಯ ಲ್ಯಾಂಕಷೈರ್‌ನಲ್ಲಿ. ಇಂಗ್ಲೆಂಡಿನ ಉಳಿದ ಕಡೆ ಚದುರಿದ ಹನಿಗಳಷ್ಟೆ.

ಇದರ ಜೊತೆ ನಿಜವಾದ ಇಂಗ್ಲಿಷ್ ಅಡ್ಡಹೆಸರೊಂದನ್ನು ಇಟ್ಟು ನೋಡಿ. ಬೆಂಗಳೂರಿನ ಸ್ಯಾಂಕಿ ಕೆರೆ ನಿಮಗೆ ಗೊತ್ತಿರುವುದೇ. ಸ್ಯಾಂಕಿ ಎಂಬುದು ಊರಿನಿಂದ ಬಂದ ಹೆಸರು. ನೀವಿರುವ ಮ್ಯಾಂಚೆಸ್ಟರ್‌ನಿಂದ ಪಶ್ಚಿಮಕ್ಕೆ ವಾರಿಂಗ್ಟನ್ ಪಕ್ಕದಲ್ಲಿ ಗ್ರೇಟ್ ಸ್ಯಾಂಕಿ ಇದೆ, ಅಲ್ಲೇ ಸ್ಯಾಂಕಿ ಹಳ್ಳ ಹರಿಯುತ್ತದೆ. ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನ ಟಿಪ್ಪರರಿಯಲ್ಲಿ, ಆದರೂ ಅವರ ಹೆಸರು ಈ ಹಳ್ಳದ ಕಡೆಗೇ ಬೆರಳು ತೋರಿಸುತ್ತದೆ. ಊರಿನ ಹೆಸರುಗಳು ಹೀಗೆ ನಕ್ಷೆಯಲ್ಲಿ ಒಂದು ಚುಕ್ಕೆಗೆ ಕಟ್ಟುಬಿದ್ದಿರುತ್ತವೆ. ಅಪ್ಪನ ಹೆಸರಿನಿಂದ ಬಂದ ಅಡ್ಡಹೆಸರುಗಳು ಸಾಮಾನ್ಯವಾಗಿ ಹಾಗಲ್ಲ. ಗಿಲ್ಬರ್ಟ್ ಎಂಬ ಅಪ್ಪಂದಿರು ಎಲ್ಲ ಊರಿನಲ್ಲೂ ಇದ್ದರು, ಅದಕ್ಕೇ ಗಿಬ್ಸನ್‌ಗಳು ಎಲ್ಲೆಡೆ ಸಿಗುತ್ತಾರೆ. ಕಬ್ಬನ್ ಅಪ್ಪನ ಹೆಸರಿನಿಂದ ಬಂದೂ ಒಂದೇ ಜಾಗಕ್ಕೆ ಕಟ್ಟುಬಿದ್ದಿದೆ. ಅದನ್ನು ಕಟ್ಟಿಹಾಕಿದ್ದು ಊರಲ್ಲ, ಉಚ್ಚಾರ. ಮ್ಯಾಕ್ ಅನ್ನು ಹೀಗೆ ಸವೆಸಿ ಕಕಾರ ಮಾತ್ರ ಉಳಿಸುವ ಅಭ್ಯಾಸ ಇಷ್ಟು ವ್ಯಾಪಕವಾಗಿ ನಡೆದದ್ದು ಆ ಒಂದು ದ್ವೀಪದ ಮಾತಿನಲ್ಲಿ. ಈ ಹೆಸರಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಮ್ಯಾಂಕ್ಸ್ ಅನ್ನು ತಾಯಿನುಡಿಯಾಗಿ ಆಡಿದ ಕೊನೆಯ ವ್ಯಕ್ತಿ ಎಂದು ಗುರುತಿಸಲಾಗುವ ನೆಡ್ ಮ್ಯಾಡ್ರೆಲ್ 1974ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಈಗ ಮತ್ತೆ ಶಾಲೆಗಳಲ್ಲಿ ಆ ನುಡಿಯನ್ನು ಕಲಿಸುತ್ತಿದ್ದಾರೆ. ಆದರೆ ಅಡ್ಡಹೆಸರುಗಳಲ್ಲಿ ಆ ನಾಲಿಗೆಯ ತಿರುವು ಒಂದು ದಿನವೂ ನಿಲ್ಲದೆ ನಡೆದುಬಂದಿದೆ. ಮ್ಯಾಂಕ್ಸ್‌ನ ಒಂದು ಮಾತೂ ಬಾರದ ಕಬ್ಬನ್ ಕೂಡ ತನ್ನ ಹೆಸರು ಹೇಳುವಾಗ ಅದನ್ನು ಉಚ್ಚರಿಸಿಯೇ ಉಚ್ಚರಿಸುತ್ತಾರೆ.

ದ್ವೀಪದಿಂದ ಜನ ಹೊರಟಿದ್ದು ಹೇಗೆ? 1765 ಒಂದು ತಿರುವಿನ ವರ್ಷ. ಅಲ್ಲಿಯವರೆಗೆ ಮ್ಯಾನ್‌ನ ಸುಂಕ ಬೇರೆ, ಇಂಗ್ಲೆಂಡಿನ ಸುಂಕ ಬೇರೆ ಇದ್ದುದರಿಂದ ಕಳ್ಳಸಾಗಣೆ ಜೋರಾಗಿತ್ತು. ಬ್ರಿಟಿಷ್ ಸರ್ಕಾರ ಸ್ಟ್ಯಾನ್ಲಿಗಳ ನಂತರ ದ್ವೀಪದ ಒಡೆಯರಾಗಿದ್ದ ಅಥೋಲ್‌ನ ಡ್ಯೂಕ್‌ಗೆ 70,000 ಪೌಂಡ್ ಕೊಟ್ಟು ದ್ವೀಪವನ್ನು ಆಳುವ ಹಕ್ಕನ್ನು ಕೊಂಡುಕೊಂಡಿತು, ಆ ವ್ಯಾಪಾರ ನೆಲಕಚ್ಚಿತು. 1820ರ ದಶಕದಲ್ಲಿ ಮ್ಯಾಂಕ್ಸ್ ಕುಟುಂಬಗಳು ಗುಂಪಾಗಿ ಅಮೆರಿಕದ ಒಹಾಯೊಗೆ, ಕ್ಲೀವ್‌ಲೆಂಡ್ ಸುತ್ತಮುತ್ತ ಹೋಗಿ ನೆಲೆಸಿದವು. 1830ರಲ್ಲಿ ದ್ವೀಪದವರದೇ ಹಡಗು ಕಂಪನಿ ಶುರುವಾದಮೇಲೆ ಲಿವರ್‌ಪೂಲ್ ಪಕ್ಕದೂರಿನಂತಾಯಿತು. ದುಡಿಮೆ ಹುಡುಕಿ ಹೊರಟವರು ಮೊದಲು ಇಳಿಯುತ್ತಿದ್ದುದು ಅಲ್ಲೇ, ಬಹಳ ಮಂದಿ ಅಲ್ಲೇ ಉಳಿದರು. ಚಿನ್ನದ ಸುದ್ದಿ ಕೇಳಿ ಆಸ್ಟ್ರೇಲಿಯಾಕ್ಕೆ ಹೋದವರೂ ಇದ್ದಾರೆ. ಹೊರನಾಡಿನ ಕಬ್ಬನ್‌ರನ್ನು ಹುಡುಕಬೇಕಾದ್ದು ಈ ಹಾದಿಗಳಲ್ಲೇ.

ಓದಿದ ಮನೆಗಳ ಹುಡುಗರಿಗೆ ಇನ್ನೊಂದು ಹಾದಿಯಿತ್ತು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ನಮ್ಮ ಮಾರ್ಕ್ ಕಬ್ಬನ್ ಬಂದದ್ದು ಹಾಗೆ. ದ್ವೀಪದ ಈಶಾನ್ಯದಲ್ಲಿ ಮ್ಯಾಕಲ್ಡ್ ಎಂಬ ಪ್ಯಾರಿಷ್ ಇದೆ, ಅಲ್ಲಿನ ಚರ್ಚಿನ ಆವರಣದಲ್ಲಿ 40ಕ್ಕೂ ಹೆಚ್ಚು ಪುರಾತನ ಶಿಲುಬೆ ಕಲ್ಲುಗಳಿವೆ. ಅವರ ತಂದೆ ಥಾಮಸ್ ಕಬ್ಬನ್ ಆ ಚರ್ಚಿನ ಪಾದ್ರಿ. ತಾಯಿ ವಿಲ್ಕ್ಸ್ ಮನೆತನದವರು, ಸೋದರಮಾವ ಮಾರ್ಕ್ ವಿಲ್ಕ್ಸ್. ಮೈಸೂರಿನ ಇತಿಹಾಸ ಓದಿದವರಿಗೆ ಈ ವಿಲ್ಕ್ಸ್ ಗೊತ್ತು. 1800ರ ದಶಕದಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ (ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ) ಕೆಲಸ ನೋಡಿಕೊಂಡವರು, ಮೈಸೂರಿನ ಇತಿಹಾಸವನ್ನು ಬರೆದವರು, ಆಮೇಲೆ ನೆಪೋಲಿಯನ್ ಸೆರೆಯಾಗಿ ಬಂದಾಗ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದವರು. ವಿಲ್ಕ್ಸ್ ಎಂಬುದೂ ವಿಲಿಯಂನ ಮುದ್ದಿನ ಹೆಸರಿನಿಂದ ಬಂದದ್ದೇ, ಆದರೆ ಅದು ಇಂಗ್ಲಿಷ್ ಅಚ್ಚಿನದು. ಅದೇ ವಿಲಿಯಂ ಮ್ಯಾಂಕ್ಸ್ ಅಚ್ಚಿನಲ್ಲಿ ಕ್ವಿಲಿಯಂ ಎಂದು ಮೇಲೆ ನೋಡಿದೆವು.

ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್, ಅಂದರೆ ಬ್ರಿಟಿಷರ ಪರವಾಗಿ ರಾಜ್ಯದ ಆಡಳಿತ ನಡೆಸುವ ಅಧಿಕಾರಿ ಆಗಿದ್ದರು. ಕೆಲಸ ಬಿಟ್ಟು ಊರಿಗೆ ಹೊರಟವರು 1861ರ ಏಪ್ರಿಲ್‌ನಲ್ಲಿ ದಾರಿಯಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಮ್ಯಾಕಲ್ಡ್‌ನಲ್ಲಿ. ಅವರು ಮದುವೆಯಾಗಲಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರು ಉದ್ಯಾನಕ್ಕೆ, ರಸ್ತೆಗೆ ಅಂಟಿತು, ಮನೆಗಳಿಗಲ್ಲ. ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟ ಮೇಲೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿದಿದೆ. ಈ ಹೆಸರನ್ನು ತವರಿನವರಿಗಿಂತ ಹೆಚ್ಚು ಮಂದಿ ದಿನನಿತ್ಯ ಹೇಳುವುದು ಬೆಂಗಳೂರಿನಲ್ಲೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಅಪರೂಪದ ಹೆಸರು ಎಂದಿದ್ದೀರಿ. ಅಪರೂಪ ಏಕೆ? ಮೊದಲ ಕಾರಣ ತವರು ಚಿಕ್ಕದು. 1726ರಲ್ಲಿ ಇಡೀ ದ್ವೀಪದಲ್ಲಿ ಇದ್ದವರು ಸುಮಾರು 14,000 ಜನ, 1821ರಲ್ಲಿ ಸುಮಾರು 40,000. ಅಷ್ಟೇ ಜನ ಅಷ್ಟೊಂದು ಅಡ್ಡಹೆಸರುಗಳನ್ನು ಹಂಚಿಕೊಂಡರೆ ಒಂದೊಂದಕ್ಕೆ ಸಿಗುವ ಪಾಲು ಕಡಿಮೆಯೇ. ಎರಡನೆಯದು ಲೆಕ್ಕದ ನಿಯಮ. ಅಡ್ಡಹೆಸರು ಗಂಡುಮಕ್ಕಳ ಮೂಲಕ ಇಳಿಯುವ ಸಮಾಜದಲ್ಲಿ ಹೆಣ್ಣುಮಕ್ಕಳೇ ಹುಟ್ಟಿದ ಮನೆ, ಮದುವೆಯಾಗದ ಗಂಡಸು, ಮಕ್ಕಳಿಲ್ಲದೆ ಸತ್ತವನು, ಎಲ್ಲರೂ ಹೆಸರಿನ ಒಂದೊಂದು ಕೊಂಬೆಯ ಕೊನೆ. 1870ರ ದಶಕದಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನೇ ಗಣಿತದ ಪ್ರಶ್ನೆಯಾಗಿ ಮುಂದಿಟ್ಟರು, ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಗಣಿತ ಕಟ್ಟಿಕೊಟ್ಟರು. ಮೊದಲಿಗೆ ಕೆಲವೇ ಮನೆಗಳಿಗಿದ್ದ ಹೆಸರು ಯಾರ ತಪ್ಪೂ ಇಲ್ಲದೆ ಅಳಿದುಹೋಗುವ ಸಾಧ್ಯತೆ ನಾವು ಊಹಿಸುವುದಕ್ಕಿಂತ ಬಹಳ ಹೆಚ್ಚು ಎಂಬುದು ಅದರ ತಿರುಳು. ಮಧ್ಯಯುಗದ ಇಂಗ್ಲೆಂಡಿನ ತೆರಿಗೆ ಪಟ್ಟಿಗಳಲ್ಲಿ ಇರುವ ಎಷ್ಟೋ ಹೆಸರುಗಳು ಇಂದು ಒಬ್ಬರಿಗೂ ಇಲ್ಲ. ಕಬ್ಬನ್ ಉಳಿದುಕೊಂಡ ಪೈಕಿ.

ಇನ್ನು ನಿಮ್ಮ ಆಫೀಸಿನ ಕಬ್ಬಿನ್ ಅವರ ವಿಚಾರ. ಎರಡು ದಾರಿಗಳು ಸಾಧ್ಯ. ಒಂದು, ಮ್ಯಾನ್‌ನಿಂದ ಲಿವರ್‌ಪೂಲ್‌ಗೆ ಬಂದ ಮನೆ, ಅಂದರೆ ಕಬ್ಬನ್‌ನದೇ ಇನ್ನೊಂದು ಕಾಗುಣಿತ. ಇನ್ನೊಂದು, ಗ್ಯಾಲೊವೇಯಿಂದ ಬಂದ ಮ್ಯಾಕ್‌ಕಬ್ಬಿನ್ ಇಂಗ್ಲೆಂಡಿನಲ್ಲಿ ಮ್ಯಾಕ್ ಕೈಬಿಟ್ಟಿದ್ದು. ಲಿವರ್‌ಪೂಲ್ ಎರಡೂ ಕಡೆಯ ಹಡಗುಗಳು ಬರುವ ಬಂದರು, ಹಾಗಾಗಿ ಊರು ನೋಡಿ ತೀರ್ಮಾನಿಸಲು ಬರುವುದಿಲ್ಲ. ಮೊದಲನೆಯದೇ ಹೆಚ್ಚು ಸಂಭವ ಎಂಬುದು ನನ್ನ ಅಭಿಪ್ರಾಯ.

ಹೆಸರು ಒಂದೇ ಆದಮಾತ್ರಕ್ಕೆ ರಕ್ತಸಂಬಂಧ ಇರಲೇಬೇಕೇ? ಇರಬೇಕಿಲ್ಲ. ಮ್ಯಾನ್‌ನ ಬೇರೆಬೇರೆ ಪ್ಯಾರಿಷ್‌ಗಳಲ್ಲಿ ಬೇರೆಬೇರೆ ಗಿಬ್ಬನ್‌ಗಳು ಇದ್ದಿರಬಹುದು, ಅವರ ಮಕ್ಕಳೆಲ್ಲ ಕಬ್ಬನ್ ಆಗಿರಬಹುದು. ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. 2000ದಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿದಾಗ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಲ್ಲಿ ಒಂದೇ ಗುರುತು ಸಿಕ್ಕಿತು. ಸೈಕ್ಸ್ ಎಂದರೆ ಯಾರ್ಕ್‌ಷೈರ್ ಕಡೆಯ ಮಾತಿನಲ್ಲಿ ಹಳ್ಳ, ಹಳ್ಳವಿದ್ದ ಕಡೆಯೆಲ್ಲ ಈ ಹೆಸರು ಹುಟ್ಟಿರಬೇಕು ಎಂದುಕೊಂಡಿದ್ದವರಿಗೆ ಅದು ಅಚ್ಚರಿ. ಉಳಿದವರಲ್ಲಿ ದತ್ತು, ಮದುವೆಯಾಚೆಯ ಹುಟ್ಟು, ಮಾವನ ಮನೆಯ ಹೆಸರು ಇಟ್ಟುಕೊಂಡದ್ದು ಇವೆಲ್ಲ ಸೇರಿರುತ್ತವೆ. ಅಪರೂಪದ ಹೆಸರುಗಳಲ್ಲಿ ಇಂಥ ಹೊಂದಿಕೆ ಸಿಗುವ ಸಾಧ್ಯತೆ ಸಾಮಾನ್ಯ ಹೆಸರುಗಳಿಗಿಂತ ಹೆಚ್ಚು.

ಆದರೆ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ಕಾಗದ ನೋಡಿ. ಅಜ್ಜನ ಜನನ ಪ್ರಮಾಣಪತ್ರದಿಂದ ಹಿಂದಕ್ಕೆ ಹೋಗಿ. ಇಂಗ್ಲೆಂಡಿನಲ್ಲಿ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ, ಮ್ಯಾನ್‌ನಲ್ಲಿ ಜನನ ಮರಣ ನೋಂದಣಿ ಕಡ್ಡಾಯವಾದದ್ದು 1878ರಲ್ಲಿ. 1851ರಿಂದ ಮುಂದಿನ ಇಂಗ್ಲಿಷ್ ಜನಗಣತಿಗಳಲ್ಲಿ ಹುಟ್ಟಿದ ಸ್ಥಳ ಬರೆದಿರುತ್ತಾರೆ. ಲಿವರ್‌ಪೂಲ್‌ನ ಯಾವುದೋ ಮನೆಯ ಯಜಮಾನನ ಮುಂದೆ 'ಐಲ್ ಆಫ್ ಮ್ಯಾನ್' ಎಂದು ಕಂಡರೆ ದಾರಿ ಸಿಕ್ಕಿತು ಎಂದುಕೊಳ್ಳಿ. ಅಲ್ಲಿಂದ ಮುಂದೆ ಡಗ್ಲಸ್ ಪಟ್ಟಣದ ಮ್ಯಾಂಕ್ಸ್ ಮ್ಯೂಸಿಯಂ ಗ್ರಂಥಾಲಯ ಮತ್ತು ಅವರ ಐಮ್ಯೂಸಿಯಂ ಎಂಬ ಆನ್‌ಲೈನ್ ಸಂಗ್ರಹ ನೋಡಬೇಕು. ಆ ಮ್ಯೂಸಿಯಂ 1922ರಲ್ಲಿ ತೆರೆದಾಗ ಅದರ ಮೊದಲ ಕಾರ್ಯದರ್ಶಿಯಾಗಿದ್ದು, ಮುಂದೆ ನಿರ್ದೇಶಕರೂ ಆಗಿ, ದ್ವೀಪದ ಬಗ್ಗೆ ಅಚ್ಚಾದದ್ದನ್ನೆಲ್ಲ ಪಟ್ಟಿಮಾಡಿದವರು ವಿಲಿಯಂ ಕಬ್ಬನ್ (1865–1955).

ಮ್ಯಾನ್‌ನ ದಾಖಲೆಗಳಲ್ಲಿ ಒಂದು ಅನುಕೂಲ ಇದೆ, ಇಂಗ್ಲೆಂಡಿನಲ್ಲಿ ಅದು ಇಲ್ಲ. ಮದುವೆಯಾದ ಹೆಣ್ಣಿನ ತವರಿನ ಹೆಸರು ಅಲ್ಲಿ ಅಳಿಯುತ್ತಿರಲಿಲ್ಲ. ನಮ್ಮಲ್ಲಿ ಪೊಲೀಸ್ ಸುದ್ದಿಯಲ್ಲಿ ಬರುವ ಅದೇ 'ಅಲಿಯಾಸ್' ಪದ ಹಾಕಿ, ಗಂಡನ ಮನೆಯ ಹೆಸರಿನ ಜೊತೆ ತವರಿನ ಹೆಸರನ್ನೂ ಸಮಾಧಿ ಪುಸ್ತಕದಲ್ಲಿ, ಉಯಿಲಿನಲ್ಲಿ ಬರೆಯುತ್ತಿದ್ದರು. ಕ್ವೇಲ್ ಮನೆಯ ಮಗಳು ಕಬ್ಬನ್ ಮನೆಗೆ ಬಂದಿದ್ದರೆ 'ಕಬ್ಬನ್ ಅಲಿಯಾಸ್ ಕ್ವೇಲ್' ಎಂದೇ ಸಿಗುತ್ತಾಳೆ. ಹಳೆಯ ರೂಢಿ ಕಾನೂನಿನಲ್ಲಿ ಮನೆಯ ಚರಾಸ್ತಿಯಲ್ಲಿ ಹೆಂಡತಿಗೂ ಪಾಲಿದ್ದುದರಿಂದ ಹೆಂಗಸರ ಉಯಿಲುಗಳೂ ಬಹಳ ಉಳಿದಿವೆ. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಇಬ್ಬರು ಜಾನ್ ಕಬ್ಬನ್ ಇದ್ದಾಗ ಅವರನ್ನು ಬೇರೆ ಮಾಡಿಕೊಡುವುದು ಹೆಂಡತಿಯರ ಈ ತವರಿನ ಹೆಸರುಗಳೇ. ನಿಮ್ಮ ಸಹೋದ್ಯೋಗಿಗೆ ಹೇಳಿ, ಅಜ್ಜನ ಅಪ್ಪನ ಹೆಸರಿಗಿಂತ ಮೊದಲು ಅವರ ಅಮ್ಮನ ತವರಿನ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ ಎಂದು ಕೇಳಲಿ. ಅದು ಸಿ, ಕೆ, ಕ್ಯೂ ಯಾವುದರಲ್ಲಾದರೂ ಶುರುವಾದರೆ ಮ್ಯಾನ್‌ನ ಕಡೆಯಿಂದ ಹುಡುಕಲು ಶುರುಮಾಡಬಹುದು.